ಅಮ್ಮನ ಮನೆ ಮಾರ್ಬೇಕು, ಕೈಲಿರೋದು 60 ಸಾವಿರ. ಮೊದ್ಲು ಎಂತ ಮಾಡ್ಸೋದು?

ಗೋಪಾಳದ ಮಗಳು (ಏಪ್ರಿಲ್ 2)

ಎಲ್ರಿಗೂ ನಮಸ್ಕಾರ. ಶಿವಮೊಗ್ಗ ಗೋಪಾಳದಲ್ಲಿ ನಮ್ದೊಂದು ಮನೆ ಇದೆ, 30-40 ಸೈಟು, ಅಪ್ಪ 1996ರಲ್ಲಿ ಕಟ್ಸಿದ್ದು. ಆರ್‌ಸಿಸಿ ತಾರಸಿ, ಒಳಗೆ ಮೊಸಾಯಿಕ್ ನೆಲ, ಜಗಲಿಗೆ ರೆಡ್ ಆಕ್ಸೈಡು, ಹಿಂದೆ ಬಚ್ಚಲಲ್ಲಿ ಇನ್ನೂ ಹಂಡೆ ಒಲೆ ಇದೆ. ಅಪ್ಪ ತೀರ್ಕೊಂಡು ನಾಲ್ಕು ವರ್ಷ ಆಯ್ತು. ಅಮ್ಮಂಗೆ ಮಂಡಿನೋವು, ಒಬ್ರೇ ಇರೋದು ಕಷ್ಟ, ಅಂತೂ ಈಗ ಬೆಂಗಳೂರಿಗೆ ನನ್ ಜೊತೆ ಬರಕ್ಕೆ ಒಪ್ಪಿದಾರೆ. ಅದ್ಕೆ ಮನೆ ಮಾರೋದು ಅಂತ ತೀರ್ಮಾನ ಆಗಿದೆ.

ಒಬ್ರು ಬ್ರೋಕರ್ ಬಂದು ನೋಡಿ ಹೋದ್ರು. ಹಾಲ್‌ಗೆ ಫಾಲ್ಸ್ ಸೀಲಿಂಗ್, ಅಡುಗೆಮನೆಗೆ ಮಾಡ್ಯುಲರ್ ಕಿಚನ್, ಮೊಸಾಯಿಕ್ ಮೇಲೆ ವಿಟ್ರಿಫೈಡ್ ಟೈಲ್ಸ್, ಇಷ್ಟು ಮಾಡ್ಸಿ, 5 ಲಕ್ಷ ಆಗ್ಬೋದು, ಆದ್ರೆ 10 ಲಕ್ಷ ಜಾಸ್ತಿ ಸಿಗತ್ತೆ ಅಂದ್ರು. ನಮ್ ಹತ್ರ 5 ಲಕ್ಷ ಇಲ್ಲ, ಸಾಲ ಮಾಡಿ ಹಾಕೋ ಧೈರ್ಯನೂ ಇಲ್ಲ. ಹೆಚ್ಚೆಂದ್ರೆ 60 ಸಾವಿರ ಹಾಕ್ಬೋದು.

ಮನೆ ಸ್ಥಿತಿ ಇದ್ದಂಗೆ ಹೇಳ್ತೀನಿ: ಉತ್ತರದ ಗೋಡೆ ಕೆಳಗಡೆ ಹಸಿರು ಹತ್ತಿದೆ, ಒಳಗಡೆ ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರತ್ತೆ. ಹಾಲ್ ಮೂಲೆ ಸೀಲಿಂಗಲ್ಲಿ ಕಾಫಿ ಚೆಲ್ಲಿದ ಹಂಗೆ ಕಲೆ. ಬಾತ್‌ರೂಮ್ ಟೈಲ್ಸ್ ಹಳದಿ. ಅಟ್ಟದ ತುಂಬ ಸಾಮಾನು. ಒಳಗೆ ಕಾಲಿಟ್ರೆ ಒಂಥರಾ ಮುಗ್ಗಲು ವಾಸನೆ, ಅಮ್ಮಂಗೆ ಗೊತ್ತಾಗಲ್ಲ, ನಂಗೆ ಬೆಂಗಳೂರಿಂದ ಹೋದ ಕೂಡ್ಲೆ ಗೊತ್ತಾಗತ್ತೆ. ಮಳೆ ಹಿಡಿಯಕ್ಕೆ ಇನ್ನು ಎರಡೇ ತಿಂಗ್ಳು. ಯಾವ್ದು ಮೊದ್ಲು, ಯಾವ್ದು ಬೇಡ್ವೇ ಬೇಡ ಅಂತ ಅನುಭವ ಇದ್ದೋರು ಹೇಳಿ ಪ್ಲೀಸ್.

ತುಂಗೆ ಮಗ

ಫಾಲ್ಸ್ ಸೀಲಿಂಗ್ ಬೇಡ. ಆ ಕಲೆ ಮುಚ್ಚಕ್ಕೆ ಅಂತಾನೇ ಹೇಳಿರ್ತಾರೆ ಅದನ್ನ.

ವಿನೋಬನಗರ ಅರವತ್ತಡಿ

ನಾನು ಹೋದ ವರ್ಷ ಮನೆ ಕೊಂಡವ್ನು, ಕೊಳ್ಳೋರ ಕಡೆ ಮಾತು ಹೇಳ್ತೀನಿ ಅಕ್ಕ. ವಿನೋಬನಗರ, ರಾಜೇಂದ್ರನಗರ, ಗೋಪಾಳ, ಸಾಗರ ರೋಡು ಎಲ್ಲ ಸೇರಿ 14 ಮನೆ ನೋಡಿದೀವಿ. ಅದ್ರಲ್ಲಿ ಒಂದ್ ಮನೆಗೆ ಮಾರಕ್ಕೆ ಅಂತಾನೇ ಹೊಸ ಕಿಚನ್ ಮಾಡ್ಸಿದ್ರು, ಕೆಂಪು ಬಣ್ಣದ್ದು ಫಳಫಳ ಹೊಳೀತಿತ್ತು, ನನ್ ಹೆಂಡ್ತಿ ಹೊರಗೆ ಬಂದು ಹೇಳಿದ್ ಮೊದಲ್ನೇ ಮಾತು "ಇದನ್ನ ಕೀಳ್ಸಕ್ಕೆ ಎಷ್ಟಾಗತ್ತೆ" ಅಂತ. ಅವ್ರು ಹಾಕಿದ ದುಡ್ಡಿಗೂ ನಾವ್ ಕೊಡೋ ದುಡ್ಡಿಗೂ ಸಂಬಂಧನೇ ಇರ್ಲಿಲ್ಲ.

ಇನ್ನೊಂದ್ ಮನೇಲಿ ಇಡೀ ಸೀಲಿಂಗ್ ಹಳೇ ಬಿಳಿ, ಒಂದ್ ಮೂಲೆ ಮಾತ್ರ ಹೊಸ ಬಿಳಿ. ನಮ್ ಮಾವ ತಲೆ ಎತ್ತಿ ನೋಡಿದ್ರು, ಏನೂ ಮಾತಾಡ್ಲಿಲ್ಲ, ಚಪ್ಪಲಿ ಹಾಕ್ಕೊಂಡ್ರು. ಅಷ್ಟೇ. ಮಲೆನಾಡಿನೋರು ಮನೆ ನೋಡೋದು ತಲೆ ಎತ್ತಿ, ಆಮೇಲೆ ಗೋಡೆ ಬುಡ, ಆಮೇಲೆ ಕಾಗದ. ಅಡುಗೆಮನೆ ಎಲ್ಲ ಆಮೇಲೆ.

ಸಾಗರ್ ರೋಡ್ ಸೈಟ್ಸ್

ನಾನು ಇದೇ ವ್ಯವಹಾರದಲ್ಲಿ ಇರೋನು. ಎಲ್ರೂ ಬ್ರೋಕರ್ ಮೇಲೆ ಹಾಕ್ಬೇಡಿ. ಹೊಸ ಹುಡುಗ್ರು, ಸಾಫ್ಟ್‌ವೇರಿನೋರು, ಫೋಟೋ ನೋಡಿನೇ ಮನೆಗೆ ಬರೋದು, ಹಳೇ ಅಡುಗೆಮನೆ ಫೋಟೋ ಹಾಕಿದ್ರೆ ಫೋನೇ ಬರಲ್ಲ. ಶಿವಮೊಗ್ಗದಲ್ಲಿ ಸೋರದೇ ಇರೋ 30 ವರ್ಷದ ಮನೆ ಯಾವ್ದಿದೆ ಹೇಳಿ? ಒಂದ್ ಕೋಟು ಪುಟ್ಟಿ, ಎರಡ್ ಕೋಟು ಬಣ್ಣ ಹೊಡ್ಸಿ ಮಳೆಗಾಲಕ್ಕೆ ಮುಂಚೆ ಕೊಟ್‌ಬಿಡಿ. ತಗೊಂಡೋರು ಹೆಂಗೂ ಒಡೆದು ತಮಗೆ ಬೇಕಾದಂಗೆ ಮಾಡ್ಕೋತಾರೆ.

ಕೊಪ್ಪದ ಅಕ್ಕ

ಮೇಲಿನವ್ರು ಹೇಳಿದ ಮಾತಿಗೆ ನಂಗೆ ಹೊಟ್ಟೆ ಉರೀತು ಮಾರಾಯ್ರೆ. ನಾವು ತಗೊಂಡಿದ್ದು ಅಂಥದೇ ಮನೆ. ಏಪ್ರಿಲ್‌ನಲ್ಲಿ ನೋಡ್ದಾಗ ಹಾಲಿನಂಗಿತ್ತು ಗೋಡೆ. ಆಷಾಢದ ಮಳೆ ಹಿಡಿದು ಒಂದ್ ವಾರಕ್ಕೆ ಪುಟ್ಟಿ ಊದ್ಕೊಂಡು ಹಪ್ಪಳದ ಹಂಗೆ ಎದ್ದು ಬಂತು, ಅದ್ರ ಕೆಳಗೆ ಕಪ್ಪು ಬೂಷ್ಟು. ಮಗಂಗೆ ಆಗ ಎರಡು ವರ್ಷ, ಆ ರೂಮಲ್ಲಿ ಮಲಗಿ ಮಲಗಿ ಕೆಮ್ಮು ಬಿಡ್ಲೇ ಇಲ್ಲ. ನಮ್ ಉಳಿತಾಯ ಪೂರ್ತಿ ಮನೆಗೆ ಹಾಕಿದ್ವಿ, ರಿಪೇರಿಗೆ ಕೈಲಿ ಒಂದ್ ರೂಪಾಯಿ ಇರ್ಲಿಲ್ಲ. ಮಾರಿದವ್ರಿಗೆ ಫೋನ್ ಮಾಡಿದ್ರೆ "ನೀವೇ ನೋಡಿ ತಗೊಂಡಿದ್ದಲ್ವಾ" ಅಂದ್ರು. ಇನ್ನೊಂದ್ ಸಂಸಾರಕ್ಕೆ ಹಂಗೆ ಮಾಡ್ಬೇಡಿ ತಂಗಿ.

ಕಾಗದಪತ್ರ

ಕೊಪ್ಪದ ಅಕ್ಕ ಹೇಳಿದ್ದಕ್ಕೆ ಕಾನೂನಿನ ಆಧಾರನೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ನೋಡಿ: ಕೊಳ್ಳೋನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಕಾಣಿಸದೇ ಇರೋ, ಮಾರೋನಿಗೆ ಮಾತ್ರ ಗೊತ್ತಿರೋ ದೊಡ್ಡ ದೋಷ ಇದ್ರೆ ಅದನ್ನ ಹೇಳೋದು ಮಾರೋನ ಕರ್ತವ್ಯ. ಗೊತ್ತಿದ್ದೂ ಬಣ್ಣ ಬಳಿದು ಮುಚ್ಚೋದು ಅದಕ್ಕೆ ವಿರುದ್ಧ.

ಆದ್ರೆ ಅಕ್ಕ, ನೀವು ಟೈಲ್ಸ್ ಬಗ್ಗೆ ಕೇಳಿದ್ರಿ, ನಾನು ಬೇರೆ ಕೇಳ್ತೀನಿ. ಮನೆ ಖಾತೆ, ಅಂದ್ರೆ ಪಾಲಿಕೆಯ ಆಸ್ತಿ ದಾಖಲೆ, ಯಾರ ಹೆಸ್ರಲ್ಲಿದೆ ಈಗ?

ಗೋಪಾಳದ ಮಗಳು

@ಕಾಗದಪತ್ರ ಅಪ್ಪನ ಹೆಸ್ರಲ್ಲೇ ಇದೆ ಅನ್ಸತ್ತೆ. ಕಂದಾಯ ಅಮ್ಮ ಪ್ರತಿ ವರ್ಷ ಕಟ್ತಾರೆ, ರಸೀದಿ ಎಲ್ಲ ಇದೆ. ನಾನು, ತಮ್ಮ ಇಬ್ರು ಮಕ್ಳು, ತಮ್ಮ ಮೈಸೂರಲ್ಲಿದಾನೆ. ಅಪ್ಪ ವಿಲ್ ಅಂತ ಬರೆದಿಲ್ಲ.

ಕಾಗದಪತ್ರ

ಹಂಗಾದ್ರೆ ನಿಮ್ ಮೊದಲ ಕೆಲಸ ಪೇಂಟರ್ ಹತ್ರ ಅಲ್ಲ, ಮಹಾನಗರ ಪಾಲಿಕೆ ಹತ್ರ. ಅಪ್ಪನ ಸ್ವಂತ ದುಡಿಮೆ ಆಸ್ತಿ, ವಿಲ್ ಇಲ್ಲ ಅಂದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ನೀವು, ತಮ್ಮ ಮೂರೂ ಜನಕ್ಕೆ ಸಮಪಾಲು. ಅಜ್ಜಿ, ಅಂದ್ರೆ ಅಪ್ಪನ ತಾಯಿ, ಅಪ್ಪ ತೀರ್ಕೊಂಡಾಗ ಬದುಕಿದ್ರೆ ಅವ್ರಿಗೂ ಪಾಲಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಖಾತೆ ವಾರಸುದಾರರ ಹೆಸ್ರಿಗೆ ಮಾಡ್ಸಿ, ಇ-ಖಾತಾ ತಗೊಳ್ಳಿ. ಈಗ ಇ-ಖಾತಾ ಇಲ್ದೆ ಉಪನೋಂದಣಿ ಕಚೇರಿಲಿ ಕ್ರಯಪತ್ರ ನೋಂದಣಿ ಆಗಲ್ಲ. ಹಳ್ಳಿ ಮನೆ ಆದ್ರೆ ಪಂಚಾಯ್ತಿಯ ಇ-ಸ್ವತ್ತು, ನಮೂನೆ 9, 11, ಅದು ಬೇರೆ ದಾರಿ.

ಇನ್ನೊಂದು, ಎಲ್ರೂ ಮರೆಯೋದು. ಅಪ್ಪ ಮನೆ ಕಟ್ಟಕ್ಕೆ ಸಾಲ ತಗೊಂಡಿದ್ರಾ? ಸಾಲ ತೀರಿಸಿ ಇಪ್ಪತ್ತು ವರ್ಷ ಆಗಿರತ್ತೆ, ಆದ್ರೆ ಅಡಮಾನ ನೋಂದಣಿ ಆಗಿದ್ದು ಋಣಮುಕ್ತಿ ಪತ್ರ ನೋಂದಣಿ ಆಗದೇ ಇದ್ರೆ ಇಸಿಯಲ್ಲಿ, ಅಂದ್ರೆ ಋಣಭಾರ ಪ್ರಮಾಣಪತ್ರದಲ್ಲಿ, ಸಾಲ ಹಂಗೇ ಕೂತಿರತ್ತೆ. ಕೊಳ್ಳೋರ ಬ್ಯಾಂಕಿನ ವಕೀಲ್ರು ಅಲ್ಲೇ ಹಿಡೀತಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ ತೆಗೆದು ನೋಡಿ, 2004ಕ್ಕಿಂತ ಹಿಂದಿಂದು ಬೇಕಾದ್ರೆ ಕಚೇರಿಗೇ ಅರ್ಜಿ ಕೊಡ್ಬೇಕಾಗತ್ತೆ. ಇದಕ್ಕೆಲ್ಲ ಹೋಗೋದು ದುಡ್ಡಲ್ಲ, ದಿನ. ಅದ್ಕೆ ಇವತ್ತೇ ಶುರು ಮಾಡಿ.

ಗೋಪಾಳದ ಮಗಳು

ಅಯ್ಯೋ. ಸಾಲ ಇತ್ತು. ತೀರಿಸಿದ ದಿನ ಅಪ್ಪ ಪೇಡ ತಂದಿದ್ದು ನೆನಪಿದೆ. ಪತ್ರ ಹುಡುಕ್ತೀನಿ. ಅಜ್ಜಿ ಅಪ್ಪಂಗಿಂತ ಮುಂಚೆನೇ ಹೋದ್ರು.

ಭದ್ರಾವತಿ ಬಣ್ಣ

ನಮಸ್ಕಾರ ಅಕ್ಕ, ನಾನು 22 ವರ್ಷದಿಂದ ಪೇಂಟಿಂಗ್ ಕೆಲಸ ಮಾಡೋನು, ಬರೆಯೋದು ಅಷ್ಟು ಚೆನ್ನಾಗಿ ಬರಲ್ಲ, ಅರ್ಥ ಮಾಡ್ಕೊಳ್ಳಿ. ಬಣ್ಣ ಹೊಡ್ದು ದುಡಿಯೋನೇ ಹೇಳ್ತಿದೀನಿ, ನೀರು ನಿಲ್ಸೋವರ್ಗೂ ಬಣ್ಣ ಹೊಡಿಸ್ಬೇಡಿ. ನಿಮ್ಗೆ ಎರಡು ಬೇರೆ ಬೇರೆ ನೀರಿದೆ. ಒಂದು ಮೇಲಿಂದ ಬರೋದು, ಒಂದು ಕೆಳಗಿಂದ ಏರೋದು.

ಮೇಲಿಂದು: ತಾರಸಿ ಹತ್ತಿ ನೋಡಿ, ನೀರು ಹೋಗೋ ಪೈಪಿನ ಬಾಯಲ್ಲಿ ತೆಂಗಿನ ಗರಿ ಚೂರು, ಎಲೆ, ಮಣ್ಣು ಕಟ್ಟಿರತ್ತೆ. ಅರ್ಧಕ್ಕರ್ಧ ಸೋರಿಕೆ ಅಲ್ಲೇ. ಆಮೇಲೆ ಪ್ಯಾರಪೆಟ್ ಗೋಡೆನೂ ಸ್ಲ್ಯಾಬೂ ಸೇರೋ ಕಡೆ ಬಿರುಕು ಬಿಟ್ಟಿರತ್ತೆ, ನಾಲ್ಕು ಸುತ್ತಲೂ ನೋಡಿ. ಇಡೀ ತಾರಸಿಗೆ ಕೋಟಿಂಗ್ ಹೊಡೀಬೇಕು ಅಂತ ಹೇಳ್ತಾರೆ, ಬೇಕಾಗಿಲ್ಲ. ಹಾಲ್ ಮೇಲಿನ ಜಾಗಕ್ಕೆ ಸುತ್ತ ಮಣ್ಣಲ್ಲಿ ಬದು ಕಟ್ಟಿ ಎರಡು ಇಂಚು ನೀರು ನಿಲ್ಸಿ, ಒಂದ್ ದಿನ ಬಿಡಿ. ಕೆಳಗೆ ಕಲೆ ಒದ್ದೆ ಆದ್ರೆ ಅಲ್ಲೇ ದಾರಿ ಇದೆ. ಆಗದೇ ಇದ್ರೆ ಮೂಲೆ ಜಾಯಿಂಟು. ಬಿರುಕನ್ನ ವಿ ಆಕಾರಕ್ಕೆ ಕೆತ್ತಿ, ಧೂಳು ತೊಳೆದು, ವಾಟರ್‌ಪ್ರೂಫ್ ಕೆಮಿಕಲ್ ಸೇರ್ಸಿದ ಸಿಮೆಂಟಲ್ಲಿ ತುಂಬ್ಸಿ, ಮೂಲೆಗೆ ಗೋಲ ಕೊಟ್ಟು, ಅದ್ರ ಮೇಲೆ ಬಲೆ ಬಟ್ಟೆ ಇಟ್ಟು ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೋಟು.

ಕೆಳಗಿಂದು: ಗೋಡೆಗೆ ಒಂದಡಿ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟ್ಸಿ. ಒಂದು ದಿನ ಬಿಟ್ಟು ಕಿತ್ತು ನೋಡಿ. ಗೋಡೆ ಕಡೆ ಹನಿ ಇದ್ರೆ ನೀರು ಗೋಡೆ ಒಳಗಿದೆ. ರೂಮಿನ ಕಡೆ ಹನಿ ಇದ್ರೆ ಬರೀ ಗಾಳಿ ಆಡದೇ ಆಗೋ ತೇವ, ಕಿಟಕಿ ತೆಗೆದ್ರೆ ಹೋಗತ್ತೆ. ನಂಗೆ ಒಂದ್ ಅನುಮಾನ. ಉತ್ತರದ ಗೋಡೆ ಹೊರಗಡೆ ಎಂತ ಇದೆ? ಹೂವಿನ ಗಿಡದ ಪಾತಿ ಇದೆಯಾ?

ಗೋಪಾಳದ ಮಗಳು

ಹೌದು ಅಣ್ಣ, ಹೆಂಗೆ ಗೊತ್ತಾಯ್ತು! ಅಮ್ಮನ ಕನಕಾಂಬರ, ಡೇರೆ, ಸೇವಂತಿಗೆ ಎಲ್ಲ ಅಲ್ಲೇ, ಗೋಡೆ ಉದ್ದಕ್ಕೂ. ದಿನಾ ಸಂಜೆ ನೀರು ಹಾಕ್ತಾರೆ.

ಭದ್ರಾವತಿ ಬಣ್ಣ

ಅದೇ ಅಕ್ಕ. ವರ್ಷ ವರ್ಷ ಗೊಬ್ಬರ, ಮಣ್ಣು ಹಾಕಿ ಹಾಕಿ ಪಾತಿ ಪ್ಲಿಂತ್‌ಗಿಂತ (ಗೋಡೆ ಕೆಳಗಿನ ತಳಪಾಯದ ಕಟ್ಟೆ) ಮೇಲೆ ಬಂದಿರತ್ತೆ, ಗೋಡೆ ಆ ಮಣ್ಣಿಂದ ನೀರು ಹೀರತ್ತೆ. ಮಣ್ಣು ಒಂದೂವರೆ ಅಡಿ ಕೆಳಗೆ ಇಳ್ಸಿ, ಗೋಡೆಯಿಂದ ದೂರಕ್ಕೆ ಇಳಿಜಾರು ಮಾಡ್ಸಿ. ಕೂಲಿ ಬಿಟ್ರೆ ಖರ್ಚಿಲ್ಲ. ಒಳಗೆ ಉದುರೋ ಗಾರೆ ಕೆತ್ತಿ ಇಟ್ಟಿಗೆ ಕಾಣೋ ಹಂಗೆ ಬಿಡಿ. ಏಪ್ರಿಲ್ ಮೇ ಬಿಸಿಲಿಗೆ ಒಣಗ್ಲಿ. ಅರ್ಜೆಂಟ್ ಮಾಡಿ ಪುಟ್ಟಿ ಹಾಕಿದ್ರೆ ಕೊಪ್ಪದ ಅಕ್ಕನ ಮನೆ ಕಥೆನೇ.

ಸಾಗರ್ ರೋಡ್ ಸೈಟ್ಸ್

ಗೋಡೆ ಕೆತ್ತಿ ಬಿಟ್ರೆ ನೋಡಕ್ಕೆ ಬಂದೋರು ಏನಂದ್ಕೋತಾರೆ?

ವಿನೋಬನಗರ ಅರವತ್ತಡಿ

ರಿಪೇರಿ ಮಾಡ್ಸ್ತಿದಾರೆ ಅಂದ್ಕೋತಾರೆ. ನಾನಾಗಿದ್ರೆ ಅಂಥ ಮನೆಗೆ ಇನ್ನೊಂದ್ ಸಲ ಹೋಗ್ತಿದ್ದೆ.

ಹೆಗ್ಗೋಡು ಕಡೆಯವ

ನಂದೂ ಇಂಥದೇ ಪ್ರಶ್ನೆ, ಇಲ್ಲೇ ಕೇಳ್ಬೋದಾ. ನಮ್ದು ಸಾಗರದ ಕಡೆ ಹೆಂಚಿನ ಮನೆ, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಅಣ್ಣ ತಮ್ಮ ಪಾಲಾದ್ಮೇಲೆ ಮಾರೋದು ಅಂತ ಇದೆ. ಮಂಗ ಓಡಾಡಿ ಹೆಂಚು ಹಾಳಾಗಿದೆ. ತೆಗೆದು ಶೀಟ್ ಹಾಕ್ಸಿ ಅಂತಾರೆ, ಅದು ಲಕ್ಷಾಂತರ. ಕಂಬ, ಜಂತಿ ಎಲ್ಲ ಹಲಸು, ಹೊನ್ನೆ, ಒಂದಷ್ಟು ಬೀಟೆ, ಯಾರೋ ಪುಣ್ಯಾತ್ಮರು ಹಿಂದೆ ಹಸಿರು ಆಯಿಲ್ ಪೇಂಟ್ ಹೊಡ್ಸಿದಾರೆ.

ಮಂಡಗದ್ದೆ ಹಕ್ಕಿ

ಶೀಟ್ ಹಾಕ್ಸ್ಬೇಡಿ!! ಹೆಂಚಿನ ಮನೆ ಹುಡ್ಕೊಂಡು ಬರೋರು ಹೆಂಚಿಗೇ ಬರೋದು. ನಮ್ಮೂರಲ್ಲಿ ಈ ನಡುವೆ ಹಳೇ ಮನೆ ತಗೊಂಡು ಹೋಂಸ್ಟೇ ಮಾಡೋರು ಮೊದ್ಲು ಕೇಳೋದೇ ಕಂಬ ಇದ್ಯಾ, ಜಗಲಿ ಇದ್ಯಾ ಅಂತ. ಹೆಂಚು ಕೈಯಾಡ್ಸಿದ್ರೆ ಸಾಕು, ಒಡೆದಿದ್ದು ತೆಗೆದು ಹಳೇ ಹೆಂಚು ಹುಡುಕಿ ಹಾಕಿ, ಊರಲ್ಲಿ ಕೆಡವಿದ ಮನೆ ಹತ್ರ ಕಮ್ಮಿಗೆ ಸಿಗತ್ತೆ, ಆದ್ರೆ ಅದೇ ಕಾರ್ಖಾನೆದು, ಅದೇ ಅಳತೆದು ನೋಡಿ ತರ್ಬೇಕು, ಇಲ್ದಿದ್ರೆ ಕಚ್ಚು ಕೂರಲ್ಲ. ಹೆಂಚು ಕೂರೋ ಮರದ ಪಟ್ಟಿ, ಅಂದ್ರೆ ರೀಪು, ಒರಲೆ ಹತ್ತಿದ್ರೆ ಆ ಎರಡು ಮೂರು ಮಾತ್ರ ಬದಲಾಯ್ಸಿ.

ಮರಕ್ಕೆ ನಮ್ಮಜ್ಜಿ ಕಾಲದ್ದೇ ಒಳ್ಳೇದು. ಆಯಿಲ್ ಪೇಂಟ್ ಉಜ್ಜಿ ತೆಗೆದು ಅಡಿಕೆ ಚೊಗರು (ಅಡಿಕೆ ಬೇಯ್ಸಿದ ನೀರು) ಹಚ್ಚಿ, ಅಡಿಕೆ ಬೇಯ್ಸಿದ ಮನೇಲಿ ಕೇಳಿದ್ರೆ ಹಂಗೇ ಕೊಡ್ತಾರೆ. ಎರಡು ಮೂರು ಸಲ ಹಚ್ಚಿದ್ರೆ ಗಾಢ ಕೆಂಪು ಕಂದು ಬಣ್ಣ ಬರತ್ತೆ, ಯಾವ ಅಂಗಡಿ ಪಾಲಿಶಿಗೂ ಬರದ ಬಣ್ಣ ಅದು. ಹೊರಗಡೆ ಮಳೆ ಬೀಳೋ ಮರಕ್ಕೆ, ನೆಲಕ್ಕೆ ತಾಗೋ ಕಂಬದ ಬುಡಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆ ಎಣ್ಣೆ). ಗೇರೆಣ್ಣೆ ಹಚ್ಚುವಾಗ ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಮೈಗೆ ತಾಗಿದ್ರೆ ಸುಟ್ಟು ಗುಳ್ಳೆ ಏಳತ್ತೆ. ಗೋಡೆಗೆ ಸುಣ್ಣವೇ ಇರ್ಲಿ. ಜಂಬಿಟ್ಟಿಗೆ ಗೋಡೆ ಉಸಿರಾಡ್ಬೇಕು, ಅದ್ರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದ್ರೆ ತೇವ ಒಳಗೇ ಉಳಿದು ಪದರ ಪದರ ಕಳಚತ್ತೆ.

ಹೆಗ್ಗೋಡು ಕಡೆಯವ

ಚೊಗರು ಹೊಳೀಲೇ ಇಲ್ಲ ನೋಡಿ. ಮನೆ ಪಕ್ಕದಲ್ಲೇ ಬೇಯ್ಸ್ತಾರೆ. ಥ್ಯಾಂಕ್ಸ್ ಮಾರಾಯ್ರೆ.

ಹೊಸನಗರ ಹೈದ

ಅಡಿಕೆ ಮಾತು ಬಂತಲ್ಲ, ಮಾರೋ ಸಮಯಕ್ಕೂ ಅದೇ ಲೆಕ್ಕ. ನಮ್ ಕಡೆ ಮನೆ, ಸೈಟು ಕೊಳ್ಳೋದು ರಾಶಿ, ಬೆಟ್ಟೆ ಅಡಿಕೆ ಮಂಡಿಗೆ ಹೋಗಿ ದುಡ್ಡು ಕೈಗೆ ಬಂದ್ಮೇಲೆ. ಸಂಕ್ರಾಂತಿಯಿಂದ ಅಕ್ಷಯ ತದಿಗೆವರ್ಗೂ ಓಡಾಟ ಜೋರು. ಆಷಾಢ, ಪಿತೃಪಕ್ಷದಲ್ಲಿ ಅಡ್ವಾನ್ಸ್ ಕೊಡೋರು ಕಮ್ಮಿ. ಈಗ ಹಾಕಿದ್ರೆ ಈಗ್ಲೇ ಆಗತ್ತೆ, ಇಲ್ದಿದ್ರೆ ದಸರಾ ಆದ್ಮೇಲೆ ನೋಡಿ.

ತುಂಗೆ ಮಗ

ಗೋಪಾಳದಲ್ಲಿ ಈಗ ರೇಟ್ ಎಷ್ಟು ನಡೀತಿದೆ? ಏರ್‌ಪೋರ್ಟ್ ಆದ್ಮೇಲೆ ಏರಿದೆ ಅಂತಾರೆ.

ಹೊಸನಗರ ಹೈದ

ಸೋಗಾನೆ ಏರ್‌ಪೋರ್ಟ್ 2023ರ ಫೆಬ್ರವರಿಲಿ ಉದ್ಘಾಟನೆ ಆದಾಗ ಆ ಕಡೆ ಸೈಟಿಗೆ ಬಾಯಿಗೆ ಬಂದ ರೇಟು ಹೇಳಿದ್ರು. ಹೇಳೋ ರೇಟು ಬೇರೆ, ನೋಂದಣಿ ಆಗೋ ರೇಟು ಬೇರೆ. ಅಕ್ಕ, ಅದೇ ರಸ್ತೇಲಿ ಈಚೆಗೆ ಮಾರಿದ ಎರಡು ಮೂರು ಮನೆಯವ್ರನ್ನ ನೇರ ಕೇಳಿ, ಅದೇ ಸರಿಯಾದ ಲೆಕ್ಕ.

ಗೃಹಿಣಿ ತೀರ್ಥಹಳ್ಳಿ

ಕ್ಲೀನಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನ್ ಹೇಳ್ತೀನಿ. ಹೊರಗಿನ ಪಾಚಿಗೆ, ಅಂಗಳದ ಕಲ್ಲಿಗೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಲ್ಸಿ ಹಾಕಿ ಅರ್ಧ ಗಂಟೆ ಬಿಟ್ಟು ತೆಂಗಿನ ಕಡ್ಡಿ ಪೊರಕೆಲಿ ಉಜ್ಜಿ. ಬಾತ್‌ರೂಮ್ ಹಳದಿ ಬೋರ್‌ವೆಲ್ ನೀರಿನ ಕಲೆ ಆದ್ರೆ ಬ್ಲೀಚಿಂಗಿಗೆ ಹೋಗಲ್ಲ, ನಿಂಬೆಹಣ್ಣು, ವಿನೆಗರ್ ಬೇಕು. ದಯವಿಟ್ಟು ಬ್ಲೀಚಿಂಗೂ ಟಾಯ್ಲೆಟ್ ಆಸಿಡ್ಡೂ ಒಟ್ಟಿಗೆ ಹಾಕ್ಬೇಡಿ, ವಿಷದ ಗಾಳಿ ಬರತ್ತೆ, ಬಾಗ್ಲು ಹಾಕ್ಕೊಂಡು ತೊಳೆಯೋರಿಗೆ ಪ್ರಾಣಕ್ಕೇ ಅಪಾಯ. ಮೊಸಾಯಿಕ್ ಮೇಲಂತೂ ಆಸಿಡ್ ತಾಗಿಸ್ಲೇ ಬೇಡಿ, ಅದ್ರಲ್ಲಿರೋ ಅಮೃತಶಿಲೆ ಚೂರನ್ನ ತಿಂದು ಮಸುಕು ಮಾಡತ್ತೆ. ಸೋಪ್ ನೀರು, ಉಗುರು ಬೆಚ್ಚಗೆ, ಮೊಣಕಾಲೂರಿ ಉಜ್ಜಿದ್ರೆ ಸಾಕು. ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ಹೊಸದಾಗಿ ತುಂಬಿದ್ರೆ ಹಳೇ ಬಾತ್‌ರೂಮೂ ಹೊಸದು ಕಾಣತ್ತೆ. ಜಗಲಿ ಕೆಂಪು ನೆಲಕ್ಕೆ ಚೂರೇ ಚೂರು ಕೊಬ್ರಿ ಎಣ್ಣೆ ಬಟ್ಟೇಲಿ ತಿಕ್ಕಿ, ಜಾಸ್ತಿ ಹಾಕಿದ್ರೆ ಜಾರತ್ತೆ.

ವಾಸನೆ ಅಟ್ಟದಿಂದ ಬರ್ತಿರತ್ತೆ. ಹಳೇ ಹತ್ತಿ ಹಾಸಿಗೆ, ರಟ್ಟಿನ ಡಬ್ಬ, ಹಳೇ ಪೇಪರ್ ತೇವ ಹಿಡ್ಕೊಂಡು ಕೂತಿರ್ತವೆ. ಅವು ಹೋಗ್ದೆ ಎಷ್ಟ್ ಧೂಪ ಹಾಕಿದ್ರೂ ಪ್ರಯೋಜನ ಇಲ್ಲ. ಖಾಲಿ ಮಾಡಿ ಎಲ್ಲ ಕಿಟಕಿ ವಾರ ಪೂರ್ತಿ ತೆಗೆದಿಡಿ, ಆಮೇಲೆ ಮಜ್ಜಿಗೆ ಹುಲ್ಲು (ನಿಂಬೆಹುಲ್ಲು) ಕುದ್ಸಿದ ನೀರಲ್ಲಿ ನೆಲ ಒರೆಸಿ.

ಗೋಪಾಳದ ಮಗಳು

ಅಟ್ಟದ್ದೇ ಕಷ್ಟ ಆಗಿರೋದು. ಭಾನುವಾರ ಹೋಗಿದ್ದೆ. ಒಂದು ಡಬ್ಬ ಇಳ್ಸಿದ್ರೆ ಅಮ್ಮ ಇನ್ನೊಂದ್ ಕಡೆ ಎತ್ತಿಡ್ತಾರೆ. ಅಪ್ಪನ ಟ್ರಾನ್ಸಿಸ್ಟರ್, ನಮ್ ಶಾಲೆ ನೋಟ್‌ಬುಕ್ಕು, ತಾಮ್ರದ ಕೊಳಗ. ಕೊನೆಗೆ "ನನ್ನೂ ಗುಜರಿಗೆ ಹಾಕಿ" ಅಂದ್ಬಿಟ್ರು. ನಾನು ಸುಮ್ನೆ ಅಡುಗೆಮನೆಗೆ ಹೋಗಿ ಅತ್ತೆ. ಮನೆ ಸಿದ್ಧ ಮಾಡೋದು ಅಂದ್ರೆ ಬಣ್ಣ ಅಂದ್ಕೊಂಡಿದ್ದೆ ನಾನು.

ಕೊಪ್ಪದ ಅಕ್ಕ

ಅಮ್ಮನ ಮಾತಿಗೆ ನೊಂದ್ಕೋಬೇಡಿ ತಂಗಿ, ಅದು ಸಿಟ್ಟಲ್ಲ. ನಮ್ಮತ್ತೆ ಮನೆ ಖಾಲಿ ಮಾಡುವಾಗ ನಾನ್ ಮಾಡಿದ್ದು ಹೇಳ್ತೀನಿ. ಒಂದು ಟ್ರಂಕು ಅವ್ರ ಮುಂದೆ ಇಟ್ಟೆ, ಇದ್ರಲ್ಲಿ ಹಿಡಿಯೋದೆಲ್ಲ ನಿಮ್ ಜೊತೆ ಬರತ್ತೆ, ಯಾರೂ ಕೇಳಲ್ಲ ಅಂದೆ. ಉಳಿದಿದ್ದಕ್ಕೆ "ಇದು ಯಾರಿಗೆ ಕೊಡೋಣ" ಅಂತ ಕೇಳ್ತಾ ಹೋದೆ, "ಬಿಸಾಕೋಣ್ವಾ" ಅಂತ ಒಂದ್ ಸಲಾನೂ ಕೇಳ್ಲಿಲ್ಲ. ಹಂಡೆ ನಾದಿನಿ ಮಗಳಿಗೆ, ಒರಳು ಪಕ್ಕದ ಮನೆಗೆ ಹೋಯ್ತು. ಅವ್ರೇ ಕೈಯಾರೆ ಕೊಟ್ರು. ನಾಲ್ಕು ದಿನ ಹಿಡೀತು, ಹಿಡೀಲಿ.

ಲೆಕ್ಕದ ಮೇಷ್ಟ್ರು

ತೆರಿಗೆ ಬಗ್ಗೆ ಎರಡು ಮಾತು. 2001ಕ್ಕೆ ಮುಂಚಿನ ಆಸ್ತಿ ಆಗಿರೋದ್ರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆನ ಮೂಲ ಬೆಲೆ ಅಂತ ಹಿಡಿಬೋದು, ಆದ್ರೆ ಅದು ಆ ದಿನದ ಸರ್ಕಾರಿ ಮಾರ್ಗಸೂಚಿ ದರ ಮೀರೋ ಹಂಗಿಲ್ಲ. 2024ರ ಜುಲೈ 23ಕ್ಕಿಂತ ಹಿಂದೆ ಬಂದ ಮನೆ ಮಾರಿದ ಲಾಭಕ್ಕೆ ಹಣದುಬ್ಬರದ ಸೂಚ್ಯಂಕ ಇಲ್ದೆ ಶೇ 12.5, ಇಲ್ಲ ಸೂಚ್ಯಂಕ ಹಾಕಿ ಶೇ 20, ಎರಡ್ರಲ್ಲಿ ಯಾವ್ದು ಕಮ್ಮಿ ಅದು. ಬರೀ ಬಣ್ಣ, ಸಣ್ಣ ರಿಪೇರಿ ಬಿಲ್ಲನ್ನ ಆಸ್ತಿ ಸುಧಾರಣೆ ಖರ್ಚು ಅಂತ ಸಾಮಾನ್ಯವಾಗಿ ಒಪ್ಪಲ್ಲ, ಆದ್ರೂ ಬಿಲ್ ತೆಗೆದಿಡಿ. ಬೆಲೆ 50 ಲಕ್ಷ ಮುಟ್ಟಿದ್ರೆ ಕೊಳ್ಳೋರು ಶೇ 1 ಟಿಡಿಎಸ್ (ಮೊದ್ಲೇ ಮುರ್ಕೊಳ್ಳೋ ತೆರಿಗೆ) ಹಿಡೀತಾರೆ. ಅಡ್ವಾನ್ಸ್ ನಗದಾಗಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ತಗೋಬೇಡಿ, ಅಷ್ಟೇ ಮೊತ್ತದ ದಂಡ ಬೀಳ್ಬೋದು.

ಪಂಚಾಂಗ ಪ್ರಿಯ

ವಾಸ್ತು ನೋಡ್ಸಿದೀರಾ? ಅಡುಗೆಮನೆ ಆಗ್ನೇಯದಲ್ಲಿ ಇಲ್ದಿದ್ರೆ ಈಗ ಯಾರೂ ತಗೊಳ್ಳಲ್ಲ. ಒಂದು ಕಟ್ಟೆ ಆ ಕಡೆಗೆ ಬದಲಾಯ್ಸಿ.

ವಿನೋಬನಗರ ಅರವತ್ತಡಿ

ಕಟ್ಟೆ ಬದಲಾಯ್ಸಕ್ಕೆ ನೀರಿನ ಪೈಪು, ಸಿಂಕು, ಟೈಲ್ಸ್ ಎಲ್ಲ ಹೋಗ್ಬೇಕು, ಅವ್ರ ಬಜೆಟ್ ಅಲ್ಲೇ ಮುಗೀತು. ವಾಸ್ತು ನಂಬೋರು ತಮ್ ಪುರೋಹಿತ್ರು ಹೇಳಿದಂಗೆ ಮತ್ತೆ ಬದಲಾಯ್ಸ್ತಾರೆ.

ಪಂಚಾಂಗ ಪ್ರಿಯ

ಅದೂ ಸರಿನೇ. ಈಶಾನ್ಯದಲ್ಲಿ ಗುಜರಿ ರಾಶಿ ಇದ್ರೆ ಅದಾದ್ರೂ ತೆಗೀರಿ, ಅದಕ್ಕೆ ಖರ್ಚಿಲ್ಲ.

ಫೋಟೋ ಪ್ರೇಮಿ ಎಸ್‌ಎಂಜಿ

ಫೋಟೋ ಬೆಳಗ್ಗೆ 8ರಿಂದ 10ರ ಒಳಗೆ ತೆಗೀರಿ, ಎಲ್ಲ ಪರದೆ ಸರ್ಸಿ, ಲೈಟೂ ಹಾಕಿ. ಮೂಲೇಲಿ ನಿಂತು ಎದೆ ಎತ್ತರಕ್ಕೆ ಫೋನ್ ಅಡ್ಡ ಹಿಡೀರಿ. ಒಂದು ರೂಮಲ್ಲಿ ಬಿಳಿ ಬಲ್ಬು ಇನ್ನೊಂದ್ರಲ್ಲಿ ಹಳದಿ ಬೇಡ, ಎಲ್ಲ ಕಡೆ ಒಂದೇ ಥರದ ಎಲ್‌ಇಡಿ ಹಾಕಿ. ಕ್ಯಾಲೆಂಡರ್, ಮೊಳೆ, ಹಳೇ ಸ್ಟಿಕ್ಕರ್ ತೆಗೀರಿ, ದೇವ್ರ ಫೋಟೋ ಇರ್ಲಿ. ತೊಟ್ಟಿಕ್ಕೋ ನಲ್ಲಿ, ಕಿರ್ ಅನ್ನೋ ಬಾಗ್ಲು, ಕೂರದ ಚಿಲಕ, ಇವು ಮೂರು ಸರಿ ಮಾಡ್ಸಿ, ಬಂದೋರು ಕೈ ಇಡೋದು ಅದ್ರ ಮೇಲೆನೇ.

ಗೋಪಾಳದ ಮಗಳು (ಮೇ 24)

ಎಲ್ರಿಗೂ ಮತ್ತೆ ನಮಸ್ಕಾರ, ಏನಾಯ್ತು ಅಂತ ಹೇಳದೇ ಹೋದ್ರೆ ತಪ್ಪಾಗತ್ತೆ ಅಂತ ಬರೀತಿದೀನಿ.

ಭದ್ರಾವತಿ ಅಣ್ಣ ಹೇಳಿದಂಗೆ ತಾರಸಿ ಮೇಲೆ ನೀರು ನಿಲ್ಸಿದ್ವಿ. ಒದ್ದೆ ಆಗ್ಲಿಲ್ಲ. ಪ್ಯಾರಪೆಟ್ ಬುಡದಲ್ಲೇ ಬೆರಳು ಹೋಗೋ ಅಷ್ಟು ಬಿರುಕು ಇತ್ತು, ಪೈಪ್ ಬಾಯಲ್ಲಿ ಒಂದು ಬುಟ್ಟಿ ಕಸ. ಜಾಯಿಂಟ್ ಕೆಲಸಕ್ಕೆ 16,500 ಆಯ್ತು, ಪೈಪು, ಸಜ್ಜಾ ರಿಪೇರಿ 3,800. ಉತ್ತರದ ಕಡೆ ಮಣ್ಣು ಇಳ್ಸಿ, ಚರಂಡಿ ತೋಡ್ಸಿ, ಒಳಗೆ ಗಾರೆ ಕೆತ್ತಿ ಮತ್ತೆ ಹಾಕ್ಸಕ್ಕೆ 12,000. ಹಾಲ್, ಅಡುಗೆಮನೆ, ಮುಂಭಾಗ ಬಣ್ಣ 19,000, ಒಂದೇ ತಿಳಿ ಕೆನೆ ಬಣ್ಣ. ನಲ್ಲಿ, ಬಲ್ಬು, ಚಿಲಕ 3,400. ತೊಳೆಯಕ್ಕೆ ಇಬ್ರು ಹೆಂಗಸ್ರು ಎರಡು ದಿನ ಬಂದಿದ್ರು, ಸಾಮಾನು ಸೇರಿ 2,500. ಒಟ್ಟು 57,200.

ಖಾತೆ ಅರ್ಜಿ ಹಾಕಿದೀವಿ, ತಮ್ಮ ಬಂದು ಸಹಿ ಮಾಡಿ ಹೋದ. ಇಸಿಯಲ್ಲಿ ಅಡಮಾನ ಹಂಗೇ ಇತ್ತು! ಬ್ಯಾಂಕಿನ ಶಾಖೆ ಬೇರೆ ಕಡೆ ಹೋಗಿತ್ತು, ಮೂರು ಸಲ ಓಡಾಡಿ ಋಣಮುಕ್ತಿ ಪತ್ರ ನೋಂದಣಿ ಆಯ್ತು. ಕಾಗದಪತ್ರ ಅವ್ರೇ, ನೀವು ಕೇಳ್ದೇ ಇದ್ದಿದ್ರೆ ಕೊನೇ ಘಳಿಗೇಲಿ ಸಿಕ್ಕಿಹಾಕ್ಕೋತಿದ್ವಿ.

ಪಾತಿ ವಿಷ್ಯ ಅಮ್ಮಂಗೆ ಹೇಳಕ್ಕೆ ನಂಗೆ ಬಾಯಿ ಬರ್ಲಿಲ್ಲ. ಕೆಲಸದೋರು ಗುದ್ದಲಿ ಹಿಡ್ಕೊಂಡು ಬಂದ ದಿನ ನೋಡಿದ್ರೆ ಅಮ್ಮ ಬೆಳಗ್ಗೆ ಐದಕ್ಕೇ ಎದ್ದು, ಆ ಮಂಡಿ ಇಟ್ಕೊಂಡು, ಕನಕಾಂಬರ ಎಲ್ಲ ಬೇರು ಸಮೇತ ಎಬ್ಬಿಸಿ ಹಳೇ ಬಕೆಟ್ಟು, ಪೇಂಟ್ ಡಬ್ಬಕ್ಕೆ ಹಾಕಿದ್ರು. ಡೇರೆ ಗೆಡ್ಡೆ ಪೇಪರಲ್ಲಿ ಸುತ್ತಿ ಟ್ರಂಕಲ್ಲಿ ಇಟ್ಟಿದಾರೆ. "ಬೆಂಗಳೂರಲ್ಲಿ ಬಾಲ್ಕನಿ ಎಷ್ಟುದ್ದ ಇದೆ" ಅಂತ ಕೇಳಿದ್ರು.

ಭದ್ರಾವತಿ ಬಣ್ಣ

ಒಳ್ಳೇ ಕೆಲಸ ಆಯ್ತು ಅಕ್ಕ. ಉತ್ತರದ ಗೋಡೆಗೆ ಬಣ್ಣ ಹೊಡ್ಸಿದ್ರಾ?

ಗೋಪಾಳದ ಮಗಳು

ಇಲ್ಲ ಅಣ್ಣ, ಇನ್ನೂ ತೇವ ಪೂರ್ತಿ ಹೋಗಿಲ್ಲ. ಪ್ಲಾಸ್ಟಿಕ್ ಅಂಟ್ಸಿ ನೋಡ್ದೆ, ಮೊದ್ಲಿನಷ್ಟಿಲ್ಲ, ಆದ್ರೂ ಮಬ್ಬಾಗತ್ತೆ. ಬಂದೋರಿಗೆ ಹಂಗೇ ತೋರ್ಸಿ, ಹಿಂಗ್ ಹಿಂಗಿತ್ತು, ಇದು ಕಾರಣ, ಇದು ಮಾಡ್ಸಿದೀವಿ ಅಂತ ಹೇಳ್ತಿದೀನಿ. ನಿನ್ನೆ ಶಿಕಾರಿಪುರದ ಕಡೆಯಿಂದ ಗಂಡ ಹೆಂಡ್ತಿ ಬಂದಿದ್ರು, ಇಬ್ರೂ ಮೇಷ್ಟ್ರು. ಮೊನ್ನೆ ರಾತ್ರಿ ಗುಡುಗು ಸಮೇತ ದೊಡ್ಡ ಮಳೆ ಆಗಿತ್ತಲ್ಲ, ಹಾಲ್ ಮೂಲೆ ಒಣಗೇ ಇತ್ತು, ಅವ್ರು ಕುರ್ಚಿ ಹತ್ತಿ ಕೈಯಲ್ಲಿ ಮುಟ್ಟಿ ನೋಡಿದ್ರು. ಮನೆ ಇಷ್ಟ ಆಗಿದೆ, ಆದ್ರೆ ಆಷಾಢದ ಮಳೇಲಿ ಇನ್ನೊಂದ್ ಸಲ ಬಂದು ಗೋಡೆ ನೋಡಿ ಆಮೇಲೆ ಶ್ರಾವಣದಲ್ಲಿ ಅಡ್ವಾನ್ಸ್ ಕೊಡ್ತೀವಿ ಅಂದ್ರು. ಬನ್ನಿ ಅಂದೆ.

ಸಾಗರ್ ರೋಡ್ ಸೈಟ್ಸ್

ಅಷ್ಟು ದಿನ ಕಾಯ್ಬೇಡಿ ಅಕ್ಕ, ಟೋಕನ್ ಆದ್ರೂ ತಗೊಳ್ಳಿ, ಬೇರೆಯವ್ರೂ ಇದಾರೆ.

ಗೋಪಾಳದ ಮಗಳು

ಖಾತೆ ಆಗಕ್ಕೂ ಅಷ್ಟು ದಿನ ಬೇಕು ಅಣ್ಣ. ಮತ್ತೆ ಅಮ್ಮಂಗೂ ಈ ಮನೇಲಿ ಇನ್ನೊಂದ್ ಮಳೆಗಾಲ ಸಿಗತ್ತೆ.